ಡೂಪ್ಲಿಕೇಟ್ ಪೆಟ್ಟಿಗೆಯ ಅಸಲಿ ಚರಿತ್ರೆ

ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಚರಿತ್ರೆ ಅಂದ್ರೆ ಸಾಮಾನ್ಯವಾಗಿ ಕದಂಬರು, ಹೊಯ್ಸಳರು, ಇಲ್ಲಾ ವಿಜಯನಗರ. ಬರೆಯುವವರು ಓದಿಕೊಂಡವರು, ಆ ಲೇಖನಗಳನ್ನ ನಾನೂ ಖುಷಿಯಿಂದ ಓದ್ತೀನಿ. ಈ ಸಲ ನನಗೆ ಸಿಕ್ಕಿರೋ ಪುಟಗಳಲ್ಲಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯ ಚರಿತ್ರೆ ಬರೆಯೋಣ ಅಂತಿದ್ದೀನಿ. ರಾಜರಿಲ್ಲ, ಯುದ್ಧ ಇದೆ. ಆದರೆ ಅದು ಟಿವಿ ಪರದೆಯ ಮೇಲಿನ ಟ್ಯಾಂಕುಗಳ ಯುದ್ಧ. 1980ರಿಂದ 95ರ ಒಳಗೆ ಕರ್ನಾಟಕದಲ್ಲಿ ಹುಟ್ಟಿದವರಾದರೆ ನಿಮಗೆ ಇಷ್ಟು ಹೇಳಿದರೆ ಸಾಕು. ಅದೇ, ಟಿವಿ ಗೇಮು. ಕೆಂಪು ಬಿಳಿ ಬಣ್ಣದ ಅಥವಾ ಬೂದು ಬಣ್ಣದ ಡಬ್ಬಿ, ಎರಡು ರಿಮೋಟು, ಮೇಲಿನಿಂದ ತುರುಕುವ ಹಳದಿ ಕ್ಯಾಸೆಟ್ಟು. ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯೋದು.

ನಾನಿರೋದು ಜುರಾಂಗ್ ವೆಸ್ಟಿನ ಒಂದು ಎಚ್‌ಡಿಬಿ ಮನೆಯ ಬಾಡಿಗೆ ರೂಮಿನಲ್ಲಿ. ಮಂಚದ ಕೆಳಗೆ ಮೂರು ಪ್ಲಾಸ್ಟಿಕ್ ಡಬ್ಬ ಇವೆ. ಅವುಗಳಲ್ಲಿ ಐದು ಗೇಮ್ ಪೆಟ್ಟಿಗೆ, ಎಪ್ಪತ್ತು ಚಿಲ್ಲರೆ ಕ್ಯಾಸೆಟ್ಟು. ರೂಮಿಗೆ ಬಂದವರು ಮೊದಲು ನಗ್ತಾರೆ, ಆಮೇಲೆ ಕೂತು ಒಂದು ಗಂಟೆ ಆಡ್ತಾರೆ. ಹಳೇ ಗೇಮ್ ಸಂಗ್ರಹಿಸೋರು ಸಿಂಗಾಪುರದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೂ ನನಗೂ ಒಂದು ವ್ಯತ್ಯಾಸ: ಅವರು ಅಸಲಿ ಮಾಲು ಹುಡುಕ್ತಾರೆ. ನಾನು ಡೂಪ್ಲಿಕೇಟನ್ನೂ ಅಷ್ಟೇ ಜೋಪಾನವಾಗಿ ಎತ್ತಿಡ್ತೀನಿ. ಯಾಕೆ ಅಂತ ಹೇಳಬೇಕಾದರೆ ಅಸಲಿಯಿಂದಲೇ ಶುರು ಮಾಡಬೇಕು.

ಜಪಾನಿನ ಕ್ಯೋಟೋದಲ್ಲಿ 1889ರಲ್ಲಿ ಇಸ್ಪೀಟಿನಂಥ ಎಲೆಗಳನ್ನ ತಯಾರಿಸೋಕೆ ಹುಟ್ಟಿದ ಕಂಪನಿ ನಿಂಟೆಂಡೊ. ಸುಮಾರು ನೂರು ವರ್ಷ ಆದಮೇಲೆ, 1983ರ ಜುಲೈ 15ರಂದು, ಅದು 'ಫ್ಯಾಮಿಲಿ ಕಂಪ್ಯೂಟರ್' ಅನ್ನೋ ಪೆಟ್ಟಿಗೆಯನ್ನ 14,800 ಯೆನ್‌ಗೆ ಮಾರುಕಟ್ಟೆಗೆ ಬಿಟ್ಟಿತು. ಜಪಾನಿನವರು ಹೆಸರನ್ನ ಚಿಕ್ಕದು ಮಾಡಿ ಫ್ಯಾಮಿಕಾಮ್ ಅಂದ್ರು. ಅದನ್ನ ರೂಪಿಸಿದ ಎಂಜಿನಿಯರ್ ಮಸಾಯುಕಿ ಉಯೆಮುರಾ, 2021ರ ಡಿಸೆಂಬರಿನಲ್ಲಿ ತೀರಿಕೊಂಡರು. ಒಳಗಿದ್ದ ಪ್ರೊಸೆಸರ್ 6502 ಅನ್ನೋ ಅಗ್ಗದ ಚಿಪ್‌ನ ತಮ್ಮ, ಮೆಮೊರಿ ಎರಡು ಕಿಲೋಬೈಟ್, ಚಿತ್ರಕ್ಕೆ ಇನ್ನೆರಡು ಕಿಲೋಬೈಟ್. 1985ರ ಸೆಪ್ಟೆಂಬರಿನಲ್ಲಿ ಬಂದ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ, ಎಂಟು ಲೋಕ, ಮೂವತ್ತೆರಡು ಹಂತ, ಹಾಡು, ಆಮೆ, ಅಣಬೆ ಎಲ್ಲಾ ಸೇರಿ ನಲವತ್ತು ಕಿಲೋಬೈಟ್. ಈ ಲೇಖನವನ್ನ ಕನ್ನಡ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಸಂಪಾದಕರಿಗೆ ಕಳಿಸಿದಾಗ ಅದಕ್ಕಿಂತ ದೊಡ್ಡದಾಗುತ್ತೆ. ಹೊಟ್ಟೆಕಿಚ್ಚು ಪಡಬೇಕಾದ ಮಿತವ್ಯಯ.

ಒಂದು ಪದದ ವಿಷಯ ಇಲ್ಲೇ ಹೇಳಿಬಿಡ್ತೀನಿ. ನಾವೆಲ್ಲ 'ಕ್ಯಾಸೆಟ್' ಅಂತಿದ್ವಿ. ಅಮೆರಿಕದವರು 'ಕಾರ್ಟ್ರಿಡ್ಜ್' ಅಂತಾರೆ, ಹಾಗಾಗಿ ಇಲ್ಲಿನ ಅಂಗಡಿಗಳಲ್ಲಿ ನಾವು ಕ್ಯಾಸೆಟ್ ಅಂದಾಗ ಒಬ್ಬೊಬ್ಬರು ತಿದ್ದೋಕೆ ಬರ್ತಾರೆ. ಜಪಾನಿನವರು ಅದನ್ನ ಕರೆಯೋದು 'ಕಸೆಟ್ಟೊ' ಅಂತ. ಹುಟ್ಟಿದ ಮನೆಯಲ್ಲೇ ಆ ಹೆಸರು ಇರೋವಾಗ ನಾವು ನಾಚಿಕೊಳ್ಳೋ ಅಗತ್ಯ ಇಲ್ಲ.

ಅಮೆರಿಕಕ್ಕೆ 1985ರಲ್ಲಿ ಕಳಿಸಿದ ಪೆಟ್ಟಿಗೆಯಲ್ಲಿ ನಿಂಟೆಂಡೊ ಒಂದು ಬೀಗದ ಚಿಪ್ ಇಟ್ಟಿತು. ಕ್ಯಾಸೆಟ್ಟಿನಲ್ಲಿ ಅದರ ಜೋಡಿ ಚಿಪ್ ಇಲ್ಲದಿದ್ದರೆ ಆಟ ಓಡೋದಿಲ್ಲ. ಕ್ಯಾಸೆಟ್ಟಿನ ಪಿನ್ನುಗಳೂ ಬೇರೆ: ಅಲ್ಲಿ 72, ಜಪಾನಿನಲ್ಲಿ 60. ಎರಡು ವರ್ಷ ಮೊದಲು ಹುಟ್ಟಿದ ಜಪಾನಿನ ಫ್ಯಾಮಿಕಾಮ್‌ಗೆ ಮಾತ್ರ ಬೀಗವೇ ಇರಲಿಲ್ಲ. ನಮ್ಮ ಪಾಲಿನ ಇಡೀ ಕಥೆ ಈ ತೆರೆದ ಬಾಗಿಲಿನಿಂದ ಒಳಗೆ ಬಂದದ್ದು. ತೈವಾನಿನ ಯುಎಂಸಿ ಕಂಪನಿ ಫ್ಯಾಮಿಕಾಮ್‌ಗೆ ಹೊಂದೋ ಚಿಪ್‌ಗಳನ್ನ ಮಾಡಿತು. 6527, 6538 ಅನ್ನೋ ಸಂಖ್ಯೆಯವು ಇವತ್ತೂ ಹಳೇ ಪೆಟ್ಟಿಗೆ ಬಿಚ್ಚಿದ್ರೆ ಸಿಗ್ತವೆ. ಆ ಚಿಪ್ ಹಾಕಿ ತೈವಾನ್, ಹಾಂಗ್‌ಕಾಂಗ್, ದಕ್ಷಿಣ ಚೀನಾದ ಎಷ್ಟೋ ಕಾರ್ಖಾನೆಗಳು ನಕಲು ಪೆಟ್ಟಿಗೆ ತಯಾರಿಸಿದವು. ರಷ್ಯಾದಲ್ಲಿ 1992ರಿಂದ ಅದು 'ಡೆಂಡಿ', ಪೋಲೆಂಡಿನಲ್ಲಿ 'ಪೆಗಾಸಸ್'. ನಮ್ಮಲ್ಲಿ ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್, ಟರ್ಮಿನೇಟರ್, ಇನ್ನೂ ಹೆಸರೇ ಇಲ್ಲದ ಎಷ್ಟೋ ಡಬ್ಬಿಗಳು. ಅದೇ ಯುಎಂಸಿಯ ಒಂದು ದೊಡ್ಡ ವೇಫರ್ ಫ್ಯಾಬ್ ಇವತ್ತು ನಮ್ಮ ಸಿಂಗಾಪುರದ ಪಾಸಿರ್ ರಿಸ್‌ನಲ್ಲಿದೆ. ಈ ಸಂಚಿಕೆ ಓದ್ತಿರೋರಲ್ಲಿ ಯಾರಾದರೂ ಅಲ್ಲಿ ಶಿಫ್ಟ್ ಮಾಡ್ತಿದ್ರೆ ಆಶ್ಚರ್ಯ ಇಲ್ಲ.

ಈಗ ನಮ್ಮೂರಿಗೆ ಬರೋಣ. ಅಂಗಡಿಯಲ್ಲಿ ಬಿಲ್ ಹಾಕಿಸಿಕೊಂಡು ಅಸಲಿ ಗೇಮ್ ಪೆಟ್ಟಿಗೆ ಕೊಳ್ಳೋ ದಾರಿ ಇರಲಿಲ್ಲವಾ? ಇತ್ತು, ಹೆಸರಿಗೆ. 1995ರಲ್ಲಿ ಸೆಗಾ ಕಂಪನಿ ಶಾ ವಾಲೇಸ್ ಜೊತೆ ಒಪ್ಪಂದ ಮಾಡಿಕೊಂಡು ಮೆಗಾ ಡ್ರೈವ್ ಅನ್ನ ಭಾರತಕ್ಕೆ ತಂದಿತು. ಆಗ ಆಮದು ಸುಂಕ ಶೇಕಡಾ 80. ಆ ಸುಂಕದಿಂದ ತಪ್ಪಿಸಿಕೊಳ್ಳೋಕೇ ಆ ಒಪ್ಪಂದ. ಆದರೂ ಪೆಟ್ಟಿಗೆಯ ಬೆಲೆ 18,000 ರೂಪಾಯಿ. ನಮ್ಮ ತಿಪಟೂರಿನಲ್ಲಿ ಆ ದುಡ್ಡಿಗೆ ಒಂದು ಕಲರ್ ಟಿವಿ ತಂದು, ಉಳಿದದ್ದರಲ್ಲಿ ಮನೆಯ ಮುಂದೆ ಚಪ್ಪರ ಹಾಕಿಸಿ ಊರಿಗೆಲ್ಲ ತೋರಿಸಬಹುದಿತ್ತು. ಗೇಮ್ ಮಾಡಿದವರಿಗೆ ನಮ್ಮಿಂದ ಒಂದು ಪೈಸೆ ಹೋಗಲಿಲ್ಲ ಅನ್ನೋದು ನಿಜ. ಅದು ಸರಿ ಅಂತ ನಾನು ವಾದ ಮಾಡಲ್ಲ. ಆ ಕಾಲಕ್ಕೆ ನಮಗೆ ತೆರೆದಿದ್ದ ಬಾಗಿಲು ಅದೊಂದೇ ಅಂತ ಮಾತ್ರ ಹೇಳ್ತೀನಿ.

ಆ ಬಾಗಿಲಿಗೆ ಪೆಟ್ಟಿಗೆ ತಂದವರು ಯಾರು? ಇಲ್ಲೇ ನನಗೆ ಈ ಚರಿತ್ರೆ ನಮ್ಮ ವೇದಿಕೆಯ ಸಂಚಿಕೆಗೆ ಸೇರಿದ್ದು ಅನ್ನಿಸೋದು. ಬಹಳಷ್ಟು ಪೆಟ್ಟಿಗೆಗಳು ನಮ್ಮಂಥವರ ಸೂಟ್‌ಕೇಸಿನಲ್ಲೇ ಬಂದವು. ಮಂಗಳೂರು, ಭಟ್ಕಳದ ಕಡೆ ಗಲ್ಫಿನಿಂದ ರಜೆಗೆ ಬರೋರು ಸೋಪು, ಟಾರ್ಚು, ಟೇಪ್‌ರೆಕಾರ್ಡರ್ ಜೊತೆ ಮಕ್ಕಳಿಗೆ ಅಂತ ಟಿವಿ ಗೇಮ್ ತರ್ತಿದ್ರು. ಬೆಂಗಳೂರಿಗೆ ಬಂದರೆ ಎಸ್.ಪಿ. ರಸ್ತೆ, ನ್ಯಾಷನಲ್ ಮಾರ್ಕೆಟ್. ಮದರಾಸಿಗೆ ಹೋದವರಿಗೆ ಬರ್ಮಾ ಬಜಾರ್. ಆ ಬಜಾರನ್ನ 1969ರಲ್ಲಿ ಕಟ್ಟಿದವರು ಬರ್ಮಾದಿಂದ ಎಲ್ಲಾ ಕಳ್ಕೊಂಡು ವಾಪಸ್ ಬಂದ ತಮಿಳರು. ಫ್ಯಾಕ್ಟರಿಯಿಂದ ಅಂಗಡಿವರೆಗೆ, ಅಂಗಡಿಯಿಂದ ಮನೆವರೆಗೆ ಈ ಪೆಟ್ಟಿಗೆಯನ್ನ ಹೊತ್ತವರಲ್ಲಿ ಹೆಚ್ಚಿನವರು ಊರು ಬಿಟ್ಟು ದುಡಿಯೋಕೆ ಹೋದವರು. ಯಾವ ಕಂಪನಿಯ ಲೆಕ್ಕದ ಪುಸ್ತಕದಲ್ಲೂ ಇವರಿಲ್ಲ.

ತಿಪಟೂರಿನಲ್ಲಿ ನಮ್ಮ ಬೀದಿಗೆ ಪೆಟ್ಟಿಗೆ ಬಂದದ್ದು ಕೊಬ್ಬರಿ ಮಂಡಿ ಇಟ್ಟಿದ್ದವರ ಮನೆಗೆ. ಅವರ ಭಾವಮೈದುನ ಮಸ್ಕತ್‌ನಲ್ಲಿದ್ದ. ಒಬ್ಬನ ಮನೆಯಲ್ಲಿ ಗೇಮು, ಹದಿನಾಲ್ಕು ಹುಡುಗರು ಅವನ ಗೆಳೆಯರು. ಆಮೇಲೆ ಬಿ.ಎಚ್. ರಸ್ತೆಯ ಕಡೆ ಒಬ್ಬರು ಸೈಕಲ್ ಶಾಪಿನ ಹಿಂದಿನ ರೂಮಿನಲ್ಲಿ ಎರಡು ಟಿವಿ ಇಟ್ಟು ಅರ್ಧ ಗಂಟೆಗೆ ಎರಡು ರೂಪಾಯಿ ಅಂತ ಶುರು ಮಾಡಿದ್ರು. ಗಡಿಯಾರ ಅವರ ಕೈಯಲ್ಲಿ, ಮುಳ್ಳು ಅವರಿಷ್ಟದ ಹಾಗೆ ಓಡೋದು. ಎಲ್ಲಕ್ಕಿಂತ ದೊಡ್ಡ ಶತ್ರು ಕೆಇಬಿ. ಮಾರಿಯೋದಲ್ಲಿ ಆಟವನ್ನ ಉಳಿಸಿಡೋ ಸೌಕರ್ಯ ಇಲ್ಲ. ಎಂಟನೇ ಲೋಕದ ಮೂರನೇ ಹಂತದಲ್ಲಿ ಸುತ್ತಿಗೆ ಎಸೆಯೋ ಆಮೆಗಳನ್ನ ದಾಟ್ತಿರೋವಾಗ ಲೋಡ್ ಶೆಡ್ಡಿಂಗ್ ಆಯ್ತು ಅಂದ್ರೆ ಮತ್ತೆ ಒಂದನೇ ಲೋಕದ ಒಂದನೇ ಹಂತ. ಜಪಾನಿನ ಹುಡುಗರಿಗೆ ಈ ಆಟದಲ್ಲಿ ಎಂಟು ಲೋಕ ಇತ್ತು. ನಮ್ಮಲ್ಲಿ ಬಹಳ ಜನಕ್ಕೆ ನಾಲ್ಕೇ.

ಡೂಪ್ಲಿಕೇಟ್ ಅಂದ್ರೆ ಬರೀ ನಕಲು ಅಂದ್ಕೊಂಡಿದ್ದವನಿಗೆ ಬೇರೆ ಥರ ಕಾಣಿಸಿದ್ದು ಇಲ್ಲಿಗೆ ಬಂದಮೇಲೆ. ಮೊದಲ ಸಲ ಅಸಲಿ ಫ್ಯಾಮಿಕಾಮ್ ಕೊಂಡು ತಂದು ಮಾರಿಯೋ ಹಾಕಿದೆ. ಏನೋ ಗಡಿಬಿಡಿ. ಹಾಡು ಓಡ್ತಾ ಇದೆ, ಮಾರಿಯೋ ಜಾರ್ತಾ ಇದ್ದಾನೆ, ನನ್ನ ಬೆರಳು ಹಿಂದೆ ಉಳೀತಿದೆ. ಕಾರಣ ಕರೆಂಟಿನ ಮತ್ತು ಟಿವಿಯ ಲೆಕ್ಕದಲ್ಲಿದೆ. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತೆ, ಭಾರತದ ಪಾಲ್ ಪದ್ಧತಿಯ ಟಿವಿ 50 ಸಲ. ನಮ್ಮ ಕಡೆಗೆ ಮಾಡಿದ ನಕಲು ಪೆಟ್ಟಿಗೆಗಳು ನಮ್ಮ ಟಿವಿಗೆ ಹೊಂದಿಕೊಳ್ಳೋಕೆ 50ರಲ್ಲಿ ಓಡ್ತಿದ್ವು, ಆದರೆ ಒಳಗಿನ ಆಟ ಜಪಾನಿನದೇ. ಹಾಗಾಗಿ ಎಲ್ಲವೂ ಆರರಲ್ಲಿ ಒಂದು ಪಾಲು ನಿಧಾನ. ಮಾರಿಯೋದ ಮೇಲ್ಗಡೆ 400ರಿಂದ ಇಳಿಯೋ ಟೈಮ್ ಇದೆಯಲ್ಲ, ಅದರ ಒಂದೊಂದು ಅಂಕೆಗೆ 24 ಚಿತ್ರ. ಜಪಾನಿನಲ್ಲಿ 400 ಮುಗಿಯೋಕೆ 160 ಸೆಕೆಂಡು. ನಮ್ಮ ಪೆಟ್ಟಿಗೆಯಲ್ಲಿ 192. ಮೂವತ್ತೆರಡು ಸೆಕೆಂಡು ಹೆಚ್ಚು!

ಅಂದ್ರೆ ನಾವು ಬಾಯಲ್ಲಿ ಗುನುಗ್ತಿದ್ದ ಮಾರಿಯೋ ಹಾಡಿನ ಲಯ ಜಪಾನಿನ ಹುಡುಗರ ಲಯ ಅಲ್ಲ. ಅದು ತಿಪಟೂರಿನ, ದಾವಣಗೆರೆಯ, ಕೋಲಾರದ ಲಯ. ಈ ಆಟಗಳನ್ನ ಕಂಪ್ಯೂಟರಿನಲ್ಲಿ ಜೋಪಾನ ಮಾಡೋರು ಸಾಮಾನ್ಯವಾಗಿ ಓಡಿಸೋದು 60ರ ಮಾರಿಯೋವನ್ನ. ನಮ್ಮದು ಕೇಳಬೇಕು ಅಂದ್ರೆ ನನಗಂತೂ ಹಳೇ ನಕಲು ಪೆಟ್ಟಿಗೆಯೇ ಇಷ್ಟ.

ಇನ್ನೊಂದು ಉದಾಹರಣೆ ಟ್ಯಾಂಕ್ ಗೇಮು. ಅಸಲಿ ಹೆಸರು ಬ್ಯಾಟಲ್ ಸಿಟಿ, ನಾಮ್ಕೋ ಕಂಪನಿ 1985ರಲ್ಲಿ ಮಾಡಿದ್ದು, 35 ಹಂತ, ಕೆಳಗೆ ಹದ್ದಿನ ಗುರುತು, ಸುತ್ತ ಇಟ್ಟಿಗೆ ಗೋಡೆ. ಸ್ನೇಹಿತರ ಜೊತೆ ಮಾತಾಡೋವಾಗ ಕೆಲವರು 'ಹಡಗು ಸಿಕ್ಕಿದ್ರೆ ನೀರಿನ ಮೇಲೆ ಹೋಗ್ತಿತ್ತಲ್ಲ' ಅಂತಾರೆ, ಕೆಲವರು 'ಹಡಗಾ? ಯಾವ ಹಡಗು?' ಅಂತ ಜಗಳಕ್ಕೆ ಬರ್ತಾರೆ. ಇಬ್ಬರೂ ಹೇಳೋದು ಸರಿ. ನಾಮ್ಕೋ ಮಾಡಿದ ಆಟದಲ್ಲಿ ಹಡಗು ಇಲ್ಲ. ಅದನ್ನ ನಕಲು ಮಾಡಿದವರು 'ಟ್ಯಾಂಕ್ 1990' ಅಂತ ತಿದ್ದಿ, ಹಡಗು ಮತ್ತೆ ಇನ್ನಷ್ಟು ಸೇರಿಸಿ ಹಂಚಿದ್ರು. ಯಾವ ಕೋಣೆಯಲ್ಲೋ ಕೂತು ಹೆಸರು ಹಾಕದೆ ಹಡಗು ಕಟ್ಟಿದ ಆ ಪುಣ್ಯಾತ್ಮ ಯಾರೋ.

9999 ಆಟದ ಕ್ಯಾಸೆಟ್ ಬಗ್ಗೆ ಹೇಳದೆ ಮುಂದೆ ಹೋದರೆ ನನ್ನನ್ನ ಸುಮ್ಮನೆ ಬಿಡಲ್ಲ ನೀವು. ಅದರೊಳಗೆ ಇದ್ದದ್ದು ಬೆರಳೆಣಿಕೆಯ ಆಟ. ಮಾರಿಯೋ ಒಂದನೇ ಹಂತದಿಂದ, ಮಾರಿಯೋ ಎರಡನೇ ಹಂತದಿಂದ, ಮಾರಿಯೋ ಎತ್ತರಕ್ಕೆ ಹಾರೋದು, ಹೀಗೆ ಒಂದನ್ನೇ ನೂರು ಹೆಸರಿನಲ್ಲಿ ಕೊಡೋದು. ಮದುವೆ ಮನೆಯಲ್ಲಿ ಒಂದೇ ಸಾರನ್ನ ಮೂರು ಬಕೆಟ್‌ನಲ್ಲಿ ತಂದ ಹಾಗೆ. ಅದರ ಶುರುವಿನ ಪರದೆಯಲ್ಲಿ ಸಮುದ್ರ, ಹಕ್ಕಿ, ಜೊತೆಗೊಂದು ಮೆಲ್ಲನೆಯ ರಾಗ ಬರ್ತಿತ್ತು, ನೆನಪಿದೆಯಾ? ಅದು 'ಅನ್‌ಚೈನ್ಡ್ ಮೆಲೊಡಿ' ಅನ್ನೋ 1955ರ ಸಿನಿಮಾ ಹಾಡು. 1990ರಲ್ಲಿ 'ಘೋಸ್ಟ್' ಚಿತ್ರ ಬಂದಮೇಲೆ ಲೋಕದ ತುಂಬಾ ಮತ್ತೆ ಕೇಳಿಬಂತು. ಕ್ಯಾಸೆಟ್ ಮಾಡಿದವರ ಕಿವಿಗೂ ಆಗಲೇ ಬಿದ್ದಿರಬೇಕು ಅಂತ ನನ್ನ ಊಹೆ. ಕ್ಯಾಸೆಟ್ಟಿನ ಮೇಲೆ ಇಸವಿ ಇರಲ್ಲ, ಕಂಪನಿ ಹೆಸರಿರಲ್ಲ. ಇಂಥ ಸಣ್ಣ ಸುಳಿವಿನಿಂದಲೇ ಕಾಲ ಲೆಕ್ಕ ಹಾಕಬೇಕು.

ಕಾಲ ಲೆಕ್ಕ ಹಾಕೋಕೆ ಇನ್ನೊಂದು ದಾರಿ ಪೆಟ್ಟಿಗೆ ಬಿಚ್ಚೋದು. ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿರೋರಿಗೆ ಇದು ಗೊತ್ತು: ಚಿಪ್‌ನ ಬೆನ್ನ ಮೇಲೆ ನಾಲ್ಕು ಅಂಕೆ ಇರುತ್ತೆ, ಮೊದಲೆರಡು ವರ್ಷ, ಕೊನೆಯೆರಡು ವಾರ. ತಿಪಟೂರಿನ ಆ ಕೊಬ್ಬರಿ ಮಂಡಿಯ ಮನೆಯವರು ಹೋದ ರಜೆಯಲ್ಲಿ ಅಟ್ಟದಿಂದ ಇಳಿಸಿ ನನಗೆ ಕೊಟ್ಟ ಪೆಟ್ಟಿಗೆಯ ಹೆಸರಿನ ಸ್ಟಿಕ್ಕರ್ ಯಾವತ್ತೋ ಕಿತ್ತುಹೋಗಿತ್ತು. ಬಿಚ್ಚಿದೆ. ಒಳಗೆ ಯುಎಂಸಿ ಚಿಪ್ಪು, 9238. ಅಂದ್ರೆ 1992ರ 38ನೇ ವಾರ, ಸೆಪ್ಟೆಂಬರ್. ಕಲ್ಲಿನ ಮೇಲಿನ ಶಾಸನ ಓದೋರಿಗೆ ಶಕವರ್ಷ ಸಿಕ್ಕಾಗ ಆಗೋ ಖುಷಿ ಏನು ಅಂತ ಅವತ್ತು ಗೊತ್ತಾಯ್ತು. ಆದರೆ 90ರ ದಶಕದ ನಡುವಿನಿಂದ ಇಡೀ ಫ್ಯಾಮಿಕಾಮ್ ಅನ್ನೇ ಒಂದು ಚಿಪ್‌ಗೆ ಇಳಿಸಿಬಿಟ್ರು. ಬೋರ್ಡಿನ ಮೇಲೆ ಒಂದೇ ಒಂದು ಕಪ್ಪು ಅಂಟಿನ ಬೊಟ್ಟು, ಅದರಡಿಯಲ್ಲಿ ಎಲ್ಲಾ. ಬೆಲೆ ದಡದಡ ಇಳೀತು, ಜಾತ್ರೆಯ ಅಂಗಡಿಗೂ ಗೇಮ್ ಬಂತು. ಆ ಕಪ್ಪು ಬೊಟ್ಟಿನ ಮೇಲೆ ಯಾವ ಅಂಕೆಯೂ ಇಲ್ಲ. ಅಂಥ ಪೆಟ್ಟಿಗೆಗೆ ಶಾಸನ ಅಂದ್ರೆ ಅದನ್ನ ತಂದವರ ನೆನಪು ಒಂದೇ. ತಂದವರಿಗೆ ಈಗ ಅರವತ್ತು, ಎಪ್ಪತ್ತು.

ಸಿಂಗಾಪುರದ ಕಡೆಯಿಂದಲೂ ಸ್ವಲ್ಪ ನೋಡೋಣ, ಯಾಕಂದ್ರೆ ಈ ಊರು ಈ ಕಥೆಯಲ್ಲಿ ಬರೀ ನೋಡೋ ಜಾಗ ಅಲ್ಲ. ಜುರಾಂಗ್ ಅಂದ್ರೆ 1960ರ ಮೊದಲು ಕೆಸರು, ಕಾಂಡ್ಲಾ ಕಾಡು, ಸೀಗಡಿ ಹೊಂಡ. 1961ರಲ್ಲಿ ಆರ್ಥಿಕ ಅಭಿವೃದ್ಧಿ ಮಂಡಳಿ ಶುರುವಾಗಿ ಇಲ್ಲಿ ಕೈಗಾರಿಕೆ ಕಟ್ಟೋಕೆ ಹೊರಟಾಗ ಜನ ಅದನ್ನ ಅರ್ಥಸಚಿವ ಗೋ ಕೆಂಗ್ ಸ್ವೀ ಅವರ ಹುಚ್ಚಾಟ ಅಂತ ಆಡಿಕೊಂಡಿದ್ರು. ಆ ದಶಕದ ಕೊನೆಗೆ ಅಮೆರಿಕದ ಸೆಮಿಕಂಡಕ್ಟರ್ ಕಂಪನಿಗಳು ಸಿಂಗಾಪುರಕ್ಕೆ ಬಂದವು, ಎಷ್ಟೋ ಚಿಪ್‌ಗಳ ಮೇಲೆ 'ಸಿಂಗಾಪುರ' ಅಂತ ಅಚ್ಚಾಯಿತು. 1985ರಲ್ಲಿ ಫುನಾನ್ ಸೆಂಟರ್, 1987ರಲ್ಲಿ ಸಿಮ್ ಲಿಮ್ ಸ್ಕ್ವೇರ್ ಬಂದು ಎಲೆಕ್ಟ್ರಾನಿಕ್ಸ್ ಅಂದ್ರೆ ಇವೇ ಅನ್ನೋ ಹಾಗಾಯ್ತು. ಇಲ್ಲಿನ ಹೊಸ ಕೃತಿಸ್ವಾಮ್ಯ ಕಾಯ್ದೆ ಜಾರಿಗೆ ಬಂದದ್ದೂ 1987ರಲ್ಲೇ. ಕಂಪ್ಯೂಟರ್ ಗೇಮ್‌ಗೆ ಸದ್ದು ಕೊಟ್ಟ ಸೌಂಡ್ ಬ್ಲಾಸ್ಟರ್ ಕಾರ್ಡನ್ನ 1989ರಲ್ಲಿ ತಂದ ಕ್ರಿಯೇಟಿವ್ ಕಂಪನಿ ಇಲ್ಲಿನದೇ, ಕಚೇರಿ ಪಕ್ಕದ ಜುರಾಂಗ್ ಈಸ್ಟ್‌ನಲ್ಲಿ. ಅದು ಬೇರೆಯೇ ಕಥೆ, ಇನ್ನೊಂದು ವರ್ಷಕ್ಕಿರಲಿ.

ನಾನು 2014ರಲ್ಲಿ ಬಂದಾಗ ಹಳೇ ಸಾಮಾನಿಗೆ ದೊಡ್ಡ ಜಾಗ ಸುಂಗೈ ರೋಡ್ ಸಂತೆ. ಲಿಟಲ್ ಇಂಡಿಯಾದಿಂದ ನಡೆದುಕೊಂಡು ಹೋಗೋ ದೂರ. ಭಾನುವಾರ ನಮ್ಮವರು ಫೋನು, ಶೂ, ವಾಚು ಅಂತ ಹೋಗ್ತಿದ್ರು, ನಾನು ನೆಲದ ಮೇಲಿನ ತಾರ್ಪಾಲಿನಲ್ಲಿ ಕ್ಯಾಸೆಟ್ ಹುಡುಕ್ತಿದ್ದೆ. 2017ರ ಜುಲೈ 10ಕ್ಕೆ ಅದನ್ನ ಮುಚ್ಚಿದ್ರು. 2019ರ ಶುರುವಿನಲ್ಲಿ ಸಿಂಗಾಪುರದ ಅನಲಾಗ್ ಟಿವಿ ಪ್ರಸಾರ ನಿಂತಿತು. ಆ ಹೊತ್ತಿಗೆ ನಮ್ಮ ಬ್ಲಾಕುಗಳ ಕೆಳಗೆ ದಪ್ಪ ಟಿವಿಗಳು ಸಾಲಾಗಿ ಬಂದು ಕೂತಿರೋವು. ಹಾರನ್ ಒತ್ತುತ್ತಾ ಬರೋ ಕರಂಗ್ ಗುನಿ ಮುದುಕರಿಗೂ ಅವು ಬೇಡ. ಗೇಮ್ ಆಡೋರಿಗೆ ಇದು ಸಣ್ಣ ಸುದ್ದಿ ಅಲ್ಲ. ಬಾತುಕೋಳಿ ಹೊಡೆಯೋ ಬಂದೂಕು ಕೆಲಸ ಮಾಡೋದು ದಪ್ಪ ಟಿವಿಯಲ್ಲಿ ಮಾತ್ರ. ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತೆ. ಬಂದೂಕಿನ ಮೂತಿಯಲ್ಲಿರೋ ಕಣ್ಣು ಆ ಬೆಳಕನ್ನ ಕಂಡರೆ ಗುರಿ. ಚಪ್ಪಟೆ ಟಿವಿ ಚಿತ್ರ ತೋರಿಸೋದು ಸ್ವಲ್ಪ ತಡ, ಅಷ್ಟರಲ್ಲಿ ಬಂದೂಕಿನ ಕಣ್ಣು ಮುಚ್ಚಿರುತ್ತೆ. ಹದಿನಾಲ್ಕು ಇಂಚಿನ ಒಂದು ಟಿವಿಯನ್ನ ನಾನು ಬ್ಲಾಕ್ ಕೆಳಗಿನಿಂದ ಹೊತ್ತು ತಂದೆ. ಮನೆ ಓನರ್ ಆಂಟಿ ಒಂದು ವಾರ ಮುಖ ಗಂಟು ಹಾಕ್ಕೊಂಡಿದ್ರು. ಈಗ ಅವರ ಮೊಮ್ಮಗ ಭಾನುವಾರ ಬಾತುಕೋಳಿ ಹೊಡೆಯೋಕೆ ಬರ್ತಾನೆ. ಇವತ್ತು ಹಳೇ ಎಲೆಕ್ಟ್ರಾನಿಕ್ಸ್‌ಗೆ 2021ರ ಜುಲೈನಿಂದ ಬೇರೆ ವ್ಯವಸ್ಥೆ ಬಂದಿದೆ, ತಯಾರಕರ ಹೊಣೆಯಲ್ಲಿ ಸಂಗ್ರಹ, ಅಲ್ಲಲ್ಲಿ ಇ-ತ್ಯಾಜ್ಯದ ಡಬ್ಬಿ. ಊರಿಗೆ ಒಳ್ಳೇದೇ. ಸಂಗ್ರಹಕಾರನಿಗೆ ಮಾತ್ರ ಡಬ್ಬಿಯ ಬಾಯಿ ಕಂಡ್ರೆ ಹೊಟ್ಟೆ ಚುರುಕ್ ಅನ್ನುತ್ತೆ.

ಈಗ ಕೊಳ್ಳೋದೆಲ್ಲ ಫೋನಿನಲ್ಲಿ. 2012ರಲ್ಲಿ ಇಲ್ಲೇ ಹುಟ್ಟಿದ ಕ್ಯಾರೊಸೆಲ್ ಆ್ಯಪ್‌ನಲ್ಲಿ ನೋಡಿ, ಬೂನ್ ಲೇ ಎಂಆರ್‌ಟಿ ಗೇಟಿನ ಹತ್ತಿರ ಕೈಗೆ ಕೈ. ಅಲ್ಲಿ ಮಾರೋರಲ್ಲಿ ಎಷ್ಟೋ ಜನ ಅಸಲಿ ಕ್ಯಾಸೆಟ್ಟಿಗೆ ಕಡಕ್ ಬೆಲೆ ಹೇಳ್ತಾರೆ. ನಕಲಿದ್ರೆ 'ಇದಕ್ಕೆ ಬೆಲೆ ಇಲ್ಲ, ಬೇಕಾದ್ರೆ ತಗೊಂಡೋಗು' ಅಂತ ಚೀಲದ ಜೊತೆ ಕೊಟ್ಟುಬಿಡ್ತಾರೆ. ನನ್ನ ನಕಲುಗಳಲ್ಲಿ ಅರ್ಧ ಹೀಗೆ ಬಂದವು.

ಇದನ್ನ ಓದಿ ಯಾರಿಗಾದರೂ ಆಸೆ ಹುಟ್ಟಿದ್ರೆ ಮೂರು ನಾಲ್ಕು ಮಾತು ಹೇಳ್ಬೇಕು. ಜಪಾನಿನಿಂದ ಬಂದ ಪೆಟ್ಟಿಗೆಯ ಅಡಾಪ್ಟರ್ 100 ವೋಲ್ಟಿನದು. ಅದನ್ನ ಇಲ್ಲಿನ, ಅಥವಾ ಊರಿನ, 230 ವೋಲ್ಟಿನ ಪ್ಲಗ್‌ಗೆ ಸಿಕ್ಕಿಸಿದ್ರೆ ಹೊಗೆ ನೋಡಬಹುದು, ಆಟ ನೋಡೋಕಾಗಲ್ಲ. ಮೊದಲ ಫ್ಯಾಮಿಕಾಮ್‌ಗೆ ಆಂಟೆನಾ ವೈರಿನ ಸಂಪರ್ಕ ಮಾತ್ರ ಇರುತ್ತೆ, ಜಪಾನಿನ ಆ ಚಾನೆಲ್‌ಗಳ ಅಲೆ ನಮ್ಮ ಎಫ್ಎಂ ರೇಡಿಯೋ ಇರೋ ಜಾಗದಲ್ಲಿದೆ, ಟಿವಿಯಲ್ಲಿ ಹುಡುಕಿ ಸುಸ್ತಾಗ್ತೀರಿ. 1993ರ ಡಿಸೆಂಬರಿನಲ್ಲಿ ಬಂದ ಎರಡನೇ ಮಾದರಿ ತಗೊಂಡ್ರೆ ಹಳದಿ ವೈರ್ ಸಿಕ್ಕಿಸಿದರೆ ಸಾಕು. ಕ್ಯಾಸೆಟ್ ಓಡದಿದ್ರೆ ನಾವೆಲ್ಲ 'ಉಫ್' ಅಂತ ಊದ್ತಿದ್ವಲ್ಲ, ಈಗ ದಯವಿಟ್ಟು ಊದಬೇಡಿ. ಎಂಜಲಿನ ತೇವ ಕೂತು ಪಿನ್ನು ಹಸಿರು ಹಿಡಿಯುತ್ತೆ. ಕಿವಿಗೆ ಹಾಕೋ ಹತ್ತಿಕಡ್ಡಿ, ಐಸೋಪ್ರೊಪೈಲ್ ಆಲ್ಕೋಹಾಲು, ಮೆಲ್ಲಗೆ ಒರೆಸಿದ್ರೆ ಸಾಕು. ಸಿಂಗಾಪುರದ ತೇವಕ್ಕೆ ಡಬ್ಬದಲ್ಲಿ ಶೂ ಜೊತೆ ಬರೋ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಬಿಳಿ ಪ್ಲಾಸ್ಟಿಕ್ ಹಳದಿ ತಿರುಗಿದ್ರೆ ತಲೆ ಕೆಡಿಸ್ಕೊಬೇಡಿ, ಬಿಸಿಲಿನಿಂದ ದೂರ ಇಟ್ಟರಾಯ್ತು. ನಮಗೂ ವಯಸ್ಸಾಗಿದೆ.

ಜಾಗದ ಕಷ್ಟ ನಿಮಗೆ ಹೇಳಬೇಕಾಗಿಲ್ಲ. ಮೂರು ಜನರ ರೂಮು, ಒಬ್ಬೊಬ್ಬರಿಗೆ ಒಂದು ಮಂಚ, ಅರ್ಧ ಬೀರು. ಅಸಲಿ ಸಂಗ್ರಹಕಾರರು ಗಾಜಿನ ಶೋಕೇಸ್ ಫೋಟೋ ಹಾಕ್ತಾರೆ. ನಾನು ಹೊಸ ಕ್ಯಾಸೆಟ್ ತಂದ್ರೆ ಒಂದು ಅಂಗಿ ಊರಿಗೆ ಕಳಿಸ್ಬೇಕು.

ಆದರೆ ಆ ರೂಮಿನಲ್ಲೇ ಈ ಚರಿತ್ರೆಯ ಬಹುಮುಖ್ಯ ಪುಟ ನನಗೆ ಸಿಕ್ಕಿದ್ದು. ಒಂದು ಭಾನುವಾರ ಸಂಜೆ, 505ರ ಹಾಕರ್ ಸೆಂಟರಿನಿಂದ ಊಟ ಕಟ್ಟಿಸ್ಕೊಂಡು ಬಂದಿದ್ವಿ. ಕಾಂಟ್ರಾ ಹಾಕಿದೆ. ಪಕ್ಕದ ರೂಮಿನ ಫಿಲಿಪೀನ್ಸ್ ಹುಡುಗ ಬಾಗಿಲಲ್ಲಿ ನಿಂತು 'ಫ್ಯಾಮಿಲಿ ಕಂಪ್ಯೂಟರ್!' ಅಂತ ಕೂಗಿದ. ಅವರ ಊರಲ್ಲಿ ನಕಲಿಗೂ ಅದೇ ಹೆಸರಂತೆ. ಚೀನಾದ ಹೆನಾನ್ ಪ್ರಾಂತ್ಯದ ಅಣ್ಣ ಒಬ್ಬರು, ನಮ್ಮ ಜೊತೆ ಜಾಸ್ತಿ ಮಾತಾಡದವರು, 'ಷಿಯಾವೊ ಬಾವಾಂಗ್' ಅಂದ್ರು. ನಮ್ಮ ಮಾತಲ್ಲಿ ಹೇಳೋದಾದ್ರೆ ಚಿಕ್ಕ ಪಾಳೇಗಾರ. ಅಲ್ಲಿ ಅದನ್ನ ಕೀಬೋರ್ಡ್ ಸೇರಿಸಿ ಮಕ್ಕಳ ಕಲಿಕೆಯ ಯಂತ್ರ ಅಂತ ಮಾರಿದ್ರು, ಜಾಕಿ ಚಾನ್ ಅದರ ಜಾಹೀರಾತಿನಲ್ಲಿದ್ದ. ಓದೋಕೆ ಅಂತ ಅಪ್ಪನ ಹತ್ರ ಕೊಡಿಸ್ಕೊಂಡು ಗೇಮ್ ಆಡೋದು! 2000ದಲ್ಲಿ ಅವರ ಸರ್ಕಾರ ಗೇಮ್ ಪೆಟ್ಟಿಗೆಗಳ ಮಾರಾಟವನ್ನೇ ನಿಷೇಧಿಸಿತು, ಅದು ಪೂರ್ತಿ ತೆರವಾದದ್ದು 2015ರಲ್ಲಿ. ಬಾಂಗ್ಲಾದ ಗೆಳೆಯ ನಮ್ಮ ಹಾಗೇ ಟಿವಿ ಗೇಮ್ ಅಂದ.

ನಾಲ್ಕು ದೇಶದ ನಾಲ್ಕು ಜನ, ಒಬ್ಬರ ಮಾತು ಒಬ್ಬರಿಗೆ ಅಷ್ಟಕ್ಕಷ್ಟೇ. ಆದರೆ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಅಂತ ಒತ್ತಿದರೆ ಮೂವತ್ತು ಜೀವ ಸಿಗುತ್ತೆ ಅನ್ನೋದು ನಾಲ್ಕೂ ಜನಕ್ಕೆ ಗೊತ್ತು. ಕೊನಾಮಿಯ ಕಝುಹಿಸ ಹಶಿಮೊಟೊ 1986ರಲ್ಲಿ ಗ್ರೇಡಿಯಸ್ ಆಟವನ್ನ ಪರೀಕ್ಷೆ ಮಾಡೋಕೆ ಕಷ್ಟವಾಗಿ ತನ್ನ ಅನುಕೂಲಕ್ಕೆ ಇಟ್ಟುಕೊಂಡ ಗುಟ್ಟು ಅದು. ಅವರು 2020ರಲ್ಲಿ ತೀರಿಕೊಂಡರು. ಯಾವ ಇಂಟರ್‌ನೆಟ್ಟೂ ಇಲ್ಲದೆ ಆ ಗುಟ್ಟು ತಿಪಟೂರಿಗೂ ಹೆನಾನ್‌ಗೂ ಹೇಗೆ ತಲುಪಿತು? ನನಗನ್ನಿಸೋದು, ಕ್ಯಾಸೆಟ್ ತಲುಪಿದ ಹಾಗೇ. ಯಾರೋ ಹೊತ್ತು ತಂದ್ರು, ಇನ್ಯಾರಿಗೋ ಹೇಳಿದ್ರು. ಅವತ್ತು ಹೆನಾನ್ ಅಣ್ಣ ನೀರಿನ ಹಂತ ದಾಟಿಸಿದ್ರು. ಆಮೇಲಿಂದ ಲಿಫ್ಟ್‌ನಲ್ಲಿ ಸಿಕ್ಕಿದ್ರೆ ಬಂದೂಕು ಹಿಡಿದ ಹಾಗೆ ಕೈ ತೋರಿಸ್ತಾರೆ.

ಫ್ಯಾಮಿಕಾಮ್ ಮತ್ತು ಅದರ ಅಮೆರಿಕದ ರೂಪ ಸೇರಿ ಜಗತ್ತಿನಲ್ಲಿ ಮಾರಾಟವಾದದ್ದು 6 ಕೋಟಿ 19 ಲಕ್ಷ ಅಂತ ನಿಂಟೆಂಡೊ ಲೆಕ್ಕ. ಜಪಾನಿನಲ್ಲಿ ತಯಾರಿಕೆ ನಿಂತದ್ದು 2003ರಲ್ಲಿ. ನಮ್ಮ ನಾಲ್ಕೂ ಜನರ ಪೆಟ್ಟಿಗೆ ಆ ಲೆಕ್ಕದಲ್ಲಿಲ್ಲ. 2024ರ ಅಕ್ಟೋಬರಿನಲ್ಲಿ ನಿಂಟೆಂಡೊ ತನ್ನದೇ ವಸ್ತು ಸಂಗ್ರಹಾಲಯವನ್ನ ಕ್ಯೋಟೋ ಹತ್ತಿರದ ಉಜಿಯಲ್ಲಿ ತೆರೆದಿದೆ. ನಮ್ಮ ಹೆಸರಿಲ್ಲದ ಡಬ್ಬಿಯನ್ನ ಅಲ್ಲಿ ಇಡಿ ಅಂತ ಕೇಳೋದು ತಪ್ಪಾಗುತ್ತೆ. ಅವರ ಪಾಲಿಗೆ ಅದು ಕದ್ದ ಮಾಲು. ಇಡೋದಾದ್ರೆ ನಾವೇ ಇಡ್ಬೇಕು.

ಅದಕ್ಕೆ ನನ್ನದೊಂದು ಕೋರಿಕೆ. ದೀಪಾವಳಿಗೋ ಸಂಕ್ರಾಂತಿಗೋ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಪೆಟ್ಟಿಗೆ ಸಿಕ್ಕಿದ್ರೆ ಗುಜರಿಯವನಿಗೆ ಹಾಕೋ ಮೊದಲು ಒಂದು ಫೋಟೋ ತೆಗೆದು ನಮ್ಮ ವೇದಿಕೆಯ ವಾಟ್ಸಪ್ ಗುಂಪಿಗೆ ಹಾಕಿ. ಓಡದಿದ್ರೂ ಪರವಾಗಿಲ್ಲ, ಮುರಿದಿದ್ರೂ ಪರವಾಗಿಲ್ಲ. ಅಪ್ಪನನ್ನೋ ಮಾವನನ್ನೋ ಕೂರಿಸ್ಕೊಂಡು ಕೇಳಿ: ಯಾವ ಊರಿಂದ ತಂದ್ರಿ, ಎಷ್ಟು ಕೊಟ್ರಿ, ಆಗ ಸಂಬಳ ಎಷ್ಟಿತ್ತು, ಏರ್‌ಪೋರ್ಟಿನಲ್ಲಿ ಬ್ಯಾಗ್ ಬಿಚ್ಚಿಸಿದ್ರಾ. ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಗೇಮಿನ ಮಾತು ಬಿಟ್ಟು ಬೇರೆ ಏನೋ ಹೇಳೋಕೆ ಶುರು ಮಾಡಿದ್ರೂ ನಿಲ್ಲಿಸಬೇಡಿ. ಪೆಟ್ಟಿಗೆಯ ತಳದಲ್ಲಿ ಅಂಗಡಿಯ ಚೀಟಿ ಅಂಟಿದ್ರೆ ಅದನ್ನ ಮಾತ್ರ ಕೀಳಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಲೂಬೇಡಿ, ಆ ಶಾಯಿ ನಿಲ್ಲಲ್ಲ.